ಹಾಸಿಗೆ ಅಷ್ಟೇ ಇವೆ, ಜೊತೆಗಿದ್ದವರು ಹೋದರು. ಇದು ಕಡಿತ ಅಲ್ವಾ?

ಹಗಲು_ಕೇಂದ್ರ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಇಲ್ಲಿ ತಿಳಿದವರು ಇದ್ದೀರಿ, ಕೇಳೋಣ ಅನ್ನಿಸಿತು.

ಮನೆ ಇಲ್ಲದವರಿಗಾಗಿ ನಡೆಯುವ ಒಂದು ಕೇಂದ್ರಕ್ಕೆ ವಾರಕ್ಕೆ ಎರಡು ದಿನ ಸ್ವಯಂಸೇವಕಿಯಾಗಿ ಹೋಗುತ್ತೇನೆ. ರಾತ್ರಿ ಮಲಗಲು ಜಾಗ ಇದೆ. ಹಗಲು ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು, ಫೋನ್ ಚಾರ್ಜ್ ಮಾಡಿಕೊಳ್ಳಬಹುದು. ಕಾಗದಪತ್ರ ಇಡಲು ಬೀಗ ಇರುವ ಒಂದು ಬೀರು ಇದೆ. ಈ ವರ್ಷ ಸರ್ಕಾರದ ಅನುದಾನ ಕಡಿಮೆ ಆಯಿತು. ಸಂಬಳಕ್ಕಿದ್ದ ಐದು ಜನರಲ್ಲಿ ಇಬ್ಬರನ್ನು ತೆಗೆದರು. ಇಬ್ಬರೂ ಬಂದವರ ಜೊತೆ ಓಡಾಡುವ ಕೆಲಸ ಮಾಡುತ್ತಿದ್ದರು. ಕಳೆದುಹೋದ ಗುರುತಿನ ಚೀಟಿ ಮತ್ತೆ ಮಾಡಿಸುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಬಾಡಿಗೆಗೆ ಕೋಣೆ ಹುಡುಕುವುದು, ಕೋಣೆ ಸಿಕ್ಕಿದ ಮೇಲೂ ಆಗಾಗ ಹೋಗಿ ವಿಚಾರಿಸುವುದು.

ಕೇಳಿದರೆ ಅಧಿಕಾರಿಗಳದು ಒಂದೇ ಮಾತು: "ಒಂದು ಹಾಸಿಗೆಯನ್ನೂ ಕಡಿಮೆ ಮಾಡಿಲ್ಲ." ಆ ಮಾತು ನಿಜ. ಆದರೆ ಮೊದಲು ಬಂದವರು ಒಂದಲ್ಲ ಒಂದು ದಿನ ಹೊರಗೆ ಹೋಗುತ್ತಿದ್ದರು, ಆ ಜಾಗಕ್ಕೆ ಇನ್ನೊಬ್ಬರು ಬರುತ್ತಿದ್ದರು. ಈಗ ಬಂದವರು ಬಂದಲ್ಲೇ ಉಳಿದಿದ್ದಾರೆ. ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸಬೇಕಾಗಿದೆ. ಕಳೆದ ವಾರ ನಾನೇ ಮೂವರಿಗೆ ಜಾಗ ಇಲ್ಲ ಅಂದೆ.

ಇದನ್ನು ಯಾವ ಲೆಕ್ಕದಲ್ಲಿ ತೋರಿಸುವುದು? ಇಂಥ ಕಡಿತದ ನಂತರ ಬೇರೆ ಕಡೆ ಏನಾಗಿದೆ? ಮುಂದಿನ ತಿಂಗಳು ಅನುದಾನದ ಸಭೆ ಇದೆ. ನನಗೆ ಐದು ನಿಮಿಷ ಕೊಟ್ಟಿದ್ದಾರೆ.

ಸಂಜೆಮಲ್ಲಿಗೆ:
ಆ ಮೂವರು ಎಲ್ಲಿಗೆ ಹೋದರು?

ಹಗಲು_ಕೇಂದ್ರ:
ಗೊತ್ತಿಲ್ಲ ರೀ. ಒಬ್ಬರು ಎರಡು ದಿನ ಬಿಟ್ಟು ಮತ್ತೆ ಬಂದರು. ಇನ್ನಿಬ್ಬರು ಬರಲಿಲ್ಲ.

ನೇರಮಾತು:
ನನ್ನ ಮಾತು ಕೆಲವರಿಗೆ ಇಷ್ಟ ಆಗುವುದಿಲ್ಲ, ಆದರೂ ಹೇಳುತ್ತೇನೆ. ಹಣ ಕಡಿಮೆ ಆದ ತಕ್ಷಣ ಎಲ್ಲ ಕೆಟ್ಟಿತು ಅನ್ನುವುದು ಸುಲಭ. ಹಣ ಜಾಸ್ತಿ ಸುರಿದ ಕಡೆ ಏನಾಯಿತು ನೋಡಿ. ಕ್ಯಾಲಿಫೋರ್ನಿಯಾ ರಾಜ್ಯ ಐದು ವರ್ಷದಲ್ಲಿ ಸುಮಾರು 2,400 ಕೋಟಿ ಡಾಲರ್ ಖರ್ಚು ಮಾಡಿತು. ಆ ಹಣದಿಂದ ಏನು ಫಲ ಬಂತು ಅಂತ ಸರಿಯಾಗಿ ಲೆಕ್ಕ ಇಟ್ಟಿಲ್ಲ ಎಂದು 2024ರಲ್ಲಿ ಅಲ್ಲಿನ ರಾಜ್ಯ ಲೆಕ್ಕಪರಿಶೋಧಕರೇ ವರದಿ ಕೊಟ್ಟರು. ತೆರಿಗೆ ಕಟ್ಟುವವರು ಪ್ರಶ್ನೆ ಕೇಳುವುದು ತಪ್ಪಾ?

ಜಮಾಖರ್ಚು:
ನೇರಮಾತು ಅವರೇ, ಪ್ರಶ್ನೆ ಕೇಳಲೇಬೇಕು. ಆದರೆ ಲೆಕ್ಕ ಇಟ್ಟಿಲ್ಲ ಅಂದರೆ ಕೆಲಸ ಆಗಿಲ್ಲ ಅಂತ ಅರ್ಥ ಅಲ್ಲ. ಅದು ಬೇರೆ, ಇದು ಬೇರೆ.

ಮೇಡಂ ಕೇಳಿದ್ದಕ್ಕೆ ಇಂಗ್ಲೆಂಡಿನ ಉದಾಹರಣೆ ಸರಿಯಾಗಿ ಹೊಂದುತ್ತದೆ. ನಾನು ಕೆಲಸ ಮಾಡುವುದು ಲೆಕ್ಕಪತ್ರ ವಿಭಾಗದಲ್ಲಿ, ಈ ವಿಷಯ ಬಹಳ ದಿನದಿಂದ ಓದುತ್ತಿದ್ದೇನೆ. 2003ರಲ್ಲಿ ಅಲ್ಲಿ 'ಸಪೋರ್ಟಿಂಗ್ ಪೀಪಲ್' ಅನ್ನುವ ಕಾರ್ಯಕ್ರಮ ಶುರುವಾಯಿತು. ಮೊದಲ ವರ್ಷ ಸುಮಾರು 180 ಕೋಟಿ ಪೌಂಡ್. ನಿಮ್ಮ ಕೇಂದ್ರದಲ್ಲಿ ತೆಗೆದರಲ್ಲ, ಅಂಥ ಇಬ್ಬರ ಕೆಲಸಕ್ಕೇ ಆ ಹಣ ಇದ್ದದ್ದು. ಗೋಡೆ ಕಟ್ಟುವುದಕ್ಕಲ್ಲ, ಜೊತೆಗೆ ನಿಲ್ಲುವ ಜನಕ್ಕೆ. ಬೇರೆ ಯಾವುದಕ್ಕೂ ಬಳಸಬಾರದು ಅಂತ ಸುತ್ತ ಬೇಲಿ ಇತ್ತು. 2009ರಲ್ಲಿ ಆ ಬೇಲಿ ತೆಗೆದರು. 2010ರಿಂದ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರ ಸರ್ಕಾರದಿಂದ ಬರುವ ಹಣವೇ ಇಳಿಯುತ್ತಾ ಬಂತು. ಕಾನೂನು ಕಡ್ಡಾಯ ಮಾಡಿದ ಕೆಲಸ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಕಡ್ಡಾಯ ಅಲ್ಲದ್ದಕ್ಕೆ ಮೊದಲು ಕತ್ತರಿ ಬಿತ್ತು.

2010ರ ಶರತ್ಕಾಲದಲ್ಲಿ ಒಂದು ರಾತ್ರಿಯ ಎಣಿಕೆಯಲ್ಲಿ ಇಂಗ್ಲೆಂಡಿನ ಬೀದಿಗಳಲ್ಲಿ ಮಲಗಿದ್ದವರು 1,768. 2017ರಲ್ಲಿ 4,751.

ಇನ್ನೊಂದು ಕಡೆ ನೋಡಿ. ಮಕ್ಕಳಿರುವ ಕುಟುಂಬ ಮನೆ ಕಳೆದುಕೊಂಡರೆ ಸ್ಥಳೀಯ ಸಂಸ್ಥೆ ತಾತ್ಕಾಲಿಕ ವಸತಿ ಕೊಡಲೇಬೇಕು, ಇದು ಅಲ್ಲಿನ ಕಾನೂನು. ಮಕ್ಕಳಿಲ್ಲದವರೂ ಸೇರಿ ಅಂಥ ವಸತಿಯಲ್ಲಿ 2010ರ ಕೊನೆಗೆ 48,010 ಕುಟುಂಬಗಳಿದ್ದವು. 2024ರ ಮಾರ್ಚ್ ಹೊತ್ತಿಗೆ 1,17,450. ಇದಕ್ಕೆ 2023-24ರಲ್ಲಿ ಹತ್ತಿರ ಹತ್ತಿರ 230 ಕೋಟಿ ಪೌಂಡ್ ಹೋಗಿದೆ. ಮುಂಚೆ ತಡೆಯುವುದಕ್ಕೆ ಇದ್ದ ಹಣ ಕಡಿಮೆ ಮಾಡಿದರು. ಆಮೇಲೆ ಅದಕ್ಕಿಂತ ಜಾಸ್ತಿ ಹಣವನ್ನು ಹೋಟೆಲ್ ಕೋಣೆಗಳಿಗೆ, ದಿನದ ಬಾಡಿಗೆಗೆ ಕಟ್ಟಿದರು. ಒಂದು ಖಾತೆಯಲ್ಲಿ ಉಳಿತಾಯ ಅಂತ ಕಾಣುತ್ತದೆ, ಪಕ್ಕದ ಖಾತೆಯಲ್ಲಿ ಅದೇ ಹಣ ಸೋರುತ್ತಿರುತ್ತದೆ.

ಅಂಕಿಸಂಖ್ಯೆ:
ಜಮಾಖರ್ಚು ಅವರ ಅಂಕಿಗಳು ಸರಿ. ಆದರೆ ಎಲ್ಲವನ್ನೂ ಸೇವೆಗಳ ಕಡಿತದ ತಲೆಗೆ ಕಟ್ಟಬೇಡಿ. ಬಾಡಿಗೆ ಏರಿದ್ದು ದೊಡ್ಡ ಕಾರಣ. ಬಾಡಿಗೆ ಕಟ್ಟಲು ಸರ್ಕಾರ ಕೊಡುತ್ತಿದ್ದ ನೆರವು ಇಳಿದದ್ದು ಇನ್ನೊಂದು. ಮೊದಲು ಒಂದು ಪ್ರದೇಶದ ಬಾಡಿಗೆ ಮನೆಗಳಲ್ಲಿ ಅಗ್ಗದ ಅರ್ಧದಷ್ಟು ಮನೆಗಳಿಗೆ ಸಾಕಾಗುವ ಹಾಗೆ ನೆರವು ಇತ್ತು. 2011ರಲ್ಲಿ ಅದನ್ನು ಅಗ್ಗದ 30% ಮನೆಗಳ ಮಟ್ಟಕ್ಕೆ ಇಳಿಸಿದರು. 2016ರಿಂದ 2020ರವರೆಗೆ ಆ ಮೊತ್ತವನ್ನು ಏರಿಸಲೇ ಇಲ್ಲ. ಬಾಡಿಗೆ ಮಾತ್ರ ಏರುತ್ತಲೇ ಇತ್ತು. ಈ ಬದಲಾವಣೆಗಳಿಂದ ಎಷ್ಟು ಜನ ಮನೆ ಕಳೆದುಕೊಂಡರು ಅಂತ ಸರ್ಕಾರ ಪರಿಶೀಲನೆಯನ್ನೇ ಮಾಡಿಲ್ಲ ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಹೇಳಿತು.

ಇನ್ನೊಂದು ಮಾತು. ಒಂದು ರಾತ್ರಿಯ ಎಣಿಕೆ ಅಂದರೆ ಕಣ್ಣಿಗೆ ಬಿದ್ದವರ ಎಣಿಕೆ. ಹೆಂಗಸರು ಬಚ್ಚಿಟ್ಟುಕೊಂಡು ಮಲಗುತ್ತಾರೆ, ಅಥವಾ ರಾತ್ರಿಯಿಡೀ ಬಸ್ಸಿನಲ್ಲಿ ಸುತ್ತುತ್ತಾರೆ. ಅವರು ಈ ಅಂಕಿಯಲ್ಲಿ ಬರುವುದು ಕಷ್ಟ.

ಜಮಾಖರ್ಚು:
ಒಪ್ಪಿದೆ. ಬಾಡಿಗೆ ನೆರವಿಗೆ ಕತ್ತರಿ ಹಾಕಿದ್ದೂ ಸರ್ಕಾರದ ಖರ್ಚು ಕಡಿತವೇ ಅಲ್ವಾ? ಎರಡು ಕಡೆಯಿಂದ ಹಿಂಡಿದ ಹಾಗೆ ಆಯಿತು.

ಅಂಕಿಸಂಖ್ಯೆ:
ಹೌದು, ಅದು ಸರಿ.

ರಾತ್ರಿಪಾಳಿ:
ನಾನು ಒಂಬತ್ತು ವರ್ಷದಿಂದ ಇಂಥದೇ ಒಂದು ಶೆಲ್ಟರ್‌ನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೇನೆ. ಅಂಕಿಗಳು ನಿಮ್ಮ ಹತ್ತಿರ ಇವೆ, ನಾನು ಕಂಡದ್ದು ಹೇಳುತ್ತೇನೆ.

ನಮ್ಮಲ್ಲಿ ಒಬ್ಬ ಹಿರಿಯರು ಇದ್ದರು. ಕಾಗದ ಬಂದರೆ ಒಡೆಯುವುದಿಲ್ಲ. ಓದಲು ಬರುತ್ತದೆ, ಆದರೆ ಕಚೇರಿಯ ಲಕೋಟೆ ನೋಡಿದರೆ ಕೈ ನಡುಗುತ್ತದೆ. ಹಿಂದೆ ಒಂದು ಲಕೋಟೆಯಲ್ಲೇ ಅವರ ಮನೆ ಹೋಗಿತ್ತು. ನಮ್ಮ ಸಹೋದ್ಯೋಗಿ ಒಬ್ಬರು ಹನ್ನೊಂದು ತಿಂಗಳು ಬೆನ್ನು ಹತ್ತಿ ಅವರಿಗೆ ಒಂದು ಕೋಣೆ ಕೊಡಿಸಿದರು. ಆಮೇಲೂ ಪ್ರತಿ ಗುರುವಾರ ಅಲ್ಲಿಗೆ ಹೋಗುತ್ತಿದ್ದರು. ಇಬ್ಬರೂ ಕೂತು ಬಂದ ಕಾಗದಗಳನ್ನು ಒಡೆಯುವುದು, ಉತ್ತರ ಬರೆಯುವುದು. ಇಷ್ಟೇ ಕೆಲಸ, ಅರ್ಧ ಗಂಟೆ. ಹೀಗೆ ಒಂದೂವರೆ ವರ್ಷ ಆ ಕೋಣೆ ಉಳಿಯಿತು.

ಅನುದಾನ ಕಡಿಮೆ ಆಯಿತು. ಮನೆ ಸಿಕ್ಕವರನ್ನು ಹೋಗಿ ನೋಡುವ ಕೆಲಸ ಅಗತ್ಯವಲ್ಲ ಅಂತ ಪಟ್ಟಿಯಿಂದ ತೆಗೆದರು. ಸಹೋದ್ಯೋಗಿಯ ಕೆಲಸ ಹೋಯಿತು. ಐದು ತಿಂಗಳ ನಂತರ ಒಂದು ರಾತ್ರಿ ಹನ್ನೊಂದೂವರೆಗೆ ಆ ಹಿರಿಯರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಒಡೆಯದ ಲಕೋಟೆಗಳು. ಅವರನ್ನು ಮಲಗಿಸಿ ನಾನು ಒಂದೊಂದೇ ಒಡೆದೆ. ಏಳು ಕಾಗದ. ಮೊದಲನೆಯದು ಬಾಡಿಗೆ ನೆರವಿಗೆ ವಿವರ ಮತ್ತೆ ದೃಢಪಡಿಸಿ ಅಂತ. ಒಂದು ಸಹಿ ಹಾಕಿ ಕಳಿಸಿದ್ದರೆ ಮುಗಿಯುತ್ತಿತ್ತು. ಏಳನೆಯದು ಕೋಣೆ ಖಾಲಿ ಮಾಡಿ ಅಂತ.

ಆವತ್ತು ಅವರಿಗೆ ಕೊಟ್ಟ ಹಾಸಿಗೆಯಲ್ಲಿ ಅವರು ಎಂಟು ತಿಂಗಳು ಇದ್ದರು. ನಮ್ಮ ಹಾಸಿಗೆ ಎಣಿಕೆಯೂ ಸರಿಯಾಗಿಯೇ ಇತ್ತು.

ಸಂಜೆಮಲ್ಲಿಗೆ:
ಓದಿ ಸುಮ್ನೆ ಕೂತುಬಿಟ್ಟೆ.

ಓದುಗ_27:
ಫಿನ್‌ಲ್ಯಾಂಡ್‌ನಲ್ಲಿ ಮನೆ ಇಲ್ಲದವರೇ ಇಲ್ಲವಂತೆ. ಎಲ್ಲರೂ ಹಾಗೇ ಮಾಡಿದರೆ ಆಯಿತಲ್ಲ.

ಅಂಕಿಸಂಖ್ಯೆ:
ಇಲ್ಲವೇ ಇಲ್ಲ ಅನ್ನುವುದು ತಪ್ಪು. ಬಹಳ ಕಡಿಮೆ ಮಾಡಿದ್ದಾರೆ ಅನ್ನಿ. ಅಲ್ಲಿ 2008ರಿಂದ 'ಹೌಸಿಂಗ್ ಫಸ್ಟ್' ಅನ್ನುವ ದಾರಿ ಹಿಡಿದರು. ಮೊದಲು ಬಾಡಿಗೆ ಕರಾರಿನ ಮನೆ ಕೊಡುವುದು, ಆಮೇಲೆ ಕುಡಿತ, ಕಾಯಿಲೆ, ಸಾಲ ಇವಕ್ಕೆ ಜೊತೆಗಿದ್ದು ನೆರವು ಕೊಡುವುದು. ಮೊದಲು ಕುಡಿತ ಬಿಡು, ಆಮೇಲೆ ಮನೆ ಅನ್ನುವ ಹಳೇ ಕ್ರಮವನ್ನು ತಿರುಗಿಸಿದರು. ಹೆಲ್ಸಿಂಕಿಯಲ್ಲಿ 2008ರಲ್ಲಿ ಶೆಲ್ಟರ್ ಮತ್ತು ಹಾಸ್ಟೆಲ್ ಹಾಸಿಗೆಗಳು 558 ಇದ್ದವು, 2016ಕ್ಕೆ 52 ಉಳಿದವು. ಹಳೇ ಶೆಲ್ಟರ್ ಕಟ್ಟಡಗಳನ್ನೇ ಸಣ್ಣ ಸಣ್ಣ ಮನೆಗಳಾಗಿ ಬದಲಾಯಿಸಿದರು.

ಮೇಡಂ, ನಿಮ್ಮ ಐದು ನಿಮಿಷದಲ್ಲಿ ಇದನ್ನು ಹೇಳಿ. ಅಲ್ಲಿ ಹಾಸಿಗೆ ಕಡಿಮೆ ಆದದ್ದೇ ಒಳ್ಳೆಯ ಸುದ್ದಿ ಆಗಿತ್ತು. ಹಾಸಿಗೆ ಎಣಿಸಿ ಸೇವೆ ಅಳೆಯುವುದು ಎಷ್ಟು ತಪ್ಪು ಅಂತ ತೋರಿಸಲು ಬೇರೆ ಸಾಕ್ಷಿ ಬೇಡ.

ಜಮಾಖರ್ಚು:
ಆ ಕಥೆಗೆ ಈಚಿನ ಭಾಗವೂ ಇದೆ. ಫಿನ್‌ಲ್ಯಾಂಡ್‌ನಲ್ಲಿ 2023ರಲ್ಲಿ ಮನೆ ಇಲ್ಲದವರು 3,429 ಇದ್ದರು. 2024ರಲ್ಲಿ 3,806 ಆದರು. ಹತ್ತಕ್ಕೂ ಹೆಚ್ಚು ವರ್ಷ ಇಳಿಯುತ್ತಿದ್ದ ಅಂಕಿ ಮೊದಲ ಸಲ ಏರಿತು. ಅದೇ ಹೊತ್ತಿಗೆ ಅಲ್ಲಿನ ಸರ್ಕಾರ ವಸತಿ ಭತ್ಯೆ ಮತ್ತು ಇತರ ಸಾಮಾಜಿಕ ಭದ್ರತೆಯ ಹಣ ಕಡಿಮೆ ಮಾಡಿತ್ತು. ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ವ್ಯವಸ್ಥೆಗೂ ಕಡಿತದ ಏಟು ಬೇಗ ತಾಗುತ್ತದೆ.

ಕನ್ನಡ_ಮೇಷ್ಟ್ರು:
ವಿಷಯ ಸ್ವಲ್ಪ ಬದಲಿಸುತ್ತೇನೆ, ಕ್ಷಮಿಸಿ. ಈ ಚರ್ಚೆಯಲ್ಲಿ ಎಲ್ಲರೂ 'ಮನೆ ಇಲ್ಲದವರು' ಅಂತಲೇ ಬರೆಯುತ್ತಿದ್ದೀರಿ, ಖುಷಿಯಾಯಿತು. ಪತ್ರಿಕೆಗಳಲ್ಲಿ 'ನಿರಾಶ್ರಿತರು', 'ನಿರ್ಗತಿಕರು', 'ವಸತಿರಹಿತರು' ಮೂರೂ ಬರುತ್ತವೆ. ನಿರಾಶ್ರಿತರು ಅಂದರೆ ಯುದ್ಧದಿಂದ ಓಡಿಬಂದವರು ಅಂತಲೂ ಆಗುತ್ತದೆ. ನಿರ್ಗತಿಕ ಅಂದರೆ ಗತಿ ಇಲ್ಲದವನು. ಮನುಷ್ಯನನ್ನು ಹಾಗೆ ಕರೆಯಬಾರದು.

ಹಳೇ_ಛತ್ರಿ:
ಮೇಷ್ಟ್ರೇ, ನಾನು ಎರಡು ವರ್ಷ ಆ ಸ್ಥಿತಿಯಲ್ಲಿದ್ದೆ. ಯಾವ ಪದ ಬಳಸಿದರೂ ನನಗೆ ಬೇಜಾರಿರಲಿಲ್ಲ. ಕಚೇರಿಯ ಕಿಟಕಿಯಲ್ಲಿ "ವಿಳಾಸ?" ಅಂತ ಕೇಳುವಾಗ ಮಾತ್ರ ಬಾಯಿ ಒಣಗುತ್ತಿತ್ತು.

ಬೀದಿಯಲ್ಲಿ ಮಲಗಿದ್ದು ಹತ್ತೋ ಹನ್ನೆರಡೋ ರಾತ್ರಿ ಅಷ್ಟೇ. ಉಳಿದ ದಿನ ಗೆಳೆಯರ ಮನೆ, ನೆಂಟರ ಮನೆಯ ಹೊರಗಿನ ಕೋಣೆ, ಕೆಲಸದ ಜಾಗದ ಗೋದಾಮು. ಯಾವ ಎಣಿಕೆಯಲ್ಲೂ ನಾನು ಬಂದಿರಲಾರೆ. ಒಂದು ಕೇಂದ್ರದವರು ಅವರ ವಿಳಾಸವನ್ನು ನನ್ನ ಕಾಗದಪತ್ರಕ್ಕೆ ಬಳಸಲು ಬಿಟ್ಟರು. ಅದರಿಂದ ಬ್ಯಾಂಕ್ ಖಾತೆ ಆಯಿತು, ಖಾತೆಯಿಂದ ಸಂಬಳದ ಕೆಲಸ ಆಯಿತು. ವಿಳಾಸ ಬರೆದುಕೊಟ್ಟವರು ಅಲ್ಲಿ ಅರ್ಧ ದಿನದ ಕೆಲಸದಲ್ಲಿದ್ದ ಒಬ್ಬ ಹೆಣ್ಣುಮಗಳು. ಈಗ ಆ ಕೇಂದ್ರ ಇಲ್ಲ. ಮೊನ್ನೆ ಆ ದಾರಿಯಲ್ಲಿ ಹೋದಾಗ ನಿಂತು ನೋಡಿದೆ, ಬೋರ್ಡ್ ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ಗುರುತು ಇದೆ.

ಕನ್ನಡ_ಮೇಷ್ಟ್ರು:
ನೀವು ಹೇಳಿದ ಮೇಲೆ ನನ್ನ ಪದದ ಮಾತು ಚಿಕ್ಕದಾಯಿತು. ಬರೆದದ್ದಕ್ಕೆ ಧನ್ಯವಾದ.

ನೇರಮಾತು:
ಹಳೇ ಛತ್ರಿ ಅವರಿಗೆ ಗೌರವಪೂರ್ವಕ ನಮಸ್ಕಾರ. ನಾನು ಕಲ್ಲು ಮನಸ್ಸಿನವನಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸಂಬಳದವರನ್ನು ತೆಗೆದ ಕಡೆ ಸ್ವಯಂಸೇವಕರು ಆ ಕೆಲಸ ಮಾಡಬಹುದಲ್ಲ? ಎಷ್ಟೋ ಜನಕ್ಕೆ ಮನಸ್ಸಿದೆ.

ರಾತ್ರಿಪಾಳಿ:
ಮಾಡಬಹುದಾದ ಕೆಲಸ ಇದೆ, ಮಾಡಲಾಗದ್ದೂ ಇದೆ. ಬಟ್ಟೆ ಹಂಚಲು, ಹಾಸಿಗೆ ಹಾಸಲು ಸ್ವಯಂಸೇವಕರು ಬೇಕೇ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಒಬ್ಬರು ಸಾಯುತ್ತೇನೆ ಅಂತ ಬಾತ್‌ರೂಮ್ ಬಾಗಿಲು ಹಾಕಿಕೊಂಡಾಗ ತರಬೇತಿ ಇಲ್ಲದವರನ್ನು ಮುಂದೆ ನಿಲ್ಲಿಸಲಾಗದು. ಇನ್ನೊಂದು ವಿಷಯ ನಂಬಿಕೆ. ನಮ್ಮಲ್ಲಿಗೆ ಬರುವವರು ತಮ್ಮ ಕಥೆಯನ್ನು ಹತ್ತು ಜನಕ್ಕೆ ಹತ್ತು ಸಲ ಹೇಳಿ ಸುಸ್ತಾಗಿರುತ್ತಾರೆ. ಅದೇ ಮುಖ ಮುಂದಿನ ಗುರುವಾರವೂ ಬರುತ್ತದೆ ಅಂತ ಖಾತ್ರಿ ಆದ ಮೇಲೆ ಬಾಯಿ ಬಿಡುತ್ತಾರೆ.

ಹಗಲು_ಕೇಂದ್ರ:
ನಾನೇ ಸ್ವಯಂಸೇವಕಿ. ನನ್ನ ಮಗನಿಗೆ ಜ್ವರ ಬಂದರೆ ಆ ವಾರ ನಾನು ಹೋಗುವುದಿಲ್ಲ. ನನ್ನನ್ನು ನಂಬಿ ಯಾರೂ ಆಸ್ಪತ್ರೆಗೆ ದಿನ ಗೊತ್ತು ಮಾಡಿಕೊಳ್ಳಬಾರದು.

ಗುತ್ತಿಗೆ_ನೌಕರ:
ಯಾರೂ ಹೇಳದ ಒಂದು ವಿಷಯ. ಎಷ್ಟು ಹಣ ಅನ್ನುವಷ್ಟೇ, ಯಾವಾಗ ಗೊತ್ತಾಗುತ್ತದೆ ಅನ್ನುವುದೂ ಮುಖ್ಯ. ನಮಗೆ ಒಂದೊಂದೇ ವರ್ಷದ ಗುತ್ತಿಗೆ. ಹಣಕಾಸು ವರ್ಷ ಮುಗಿಯಲು ಮೂರು ತಿಂಗಳು ಇರುವಾಗ "ಮುಂದುವರಿಯುತ್ತದಾ?" ಅಂತ ಕೇಳಿದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಮನೆ ನಡೆಯಬೇಕಲ್ಲ, ಒಳ್ಳೆಯ ಕೆಲಸಗಾರರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಆಮೇಲೆ ಕೊನೆ ವಾರದಲ್ಲಿ ಅನುದಾನ ಮಂಜೂರಾಗುತ್ತದೆ. ಅಷ್ಟರಲ್ಲಿ ಇಬ್ಬರು ಹೋಗಿರುತ್ತಾರೆ, ಹೊಸಬರನ್ನು ಕಲಿಸಲು ಆರು ತಿಂಗಳು. ಹೀಗೆ ಕಡಿತವೇ ಇಲ್ಲದ ವರ್ಷದಲ್ಲೂ ಕಡಿತದಷ್ಟೇ ನಷ್ಟ. ಮೂರು ವರ್ಷಕ್ಕೆ ಒಟ್ಟಿಗೆ ಒಪ್ಪಂದ ಮಾಡಿ ಅಂತ ನಾವು ಕೇಳಿ ಕೇಳಿ ಸಾಕಾಯಿತು.

ಓದುಗ_27:
ಅಮೆರಿಕದಲ್ಲೂ ಹಾಗೇ ಅಲ್ವಾ? 2021ರಲ್ಲಿ ತುರ್ತು ಬಾಡಿಗೆ ವೋಚರ್, ಅಂದರೆ ಬಾಡಿಗೆ ಕಟ್ಟಲು ಸರ್ಕಾರದ ನೆರವು ಚೀಟಿ, 70,000 ಕೊಟ್ಟರು, 500 ಕೋಟಿ ಡಾಲರ್. 2025ರಲ್ಲಿ ಇನ್ನು ಹೊಸ ಹಣ ಇಲ್ಲ, ಉಳಿದದ್ದನ್ನೇ 2026ರವರೆಗೆ ಹೊಂದಿಸಿಕೊಳ್ಳಿ ಅಂದರು. ಆ ಮನೆಗಳಲ್ಲಿ ನೆಲೆಸಿದವರ ಗತಿ?

ಅಂಕಿಸಂಖ್ಯೆ:
ಅದೂ ಯಾವ ಹೊತ್ತಿನಲ್ಲಿ ನೋಡಿ. 2024ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ಅಲ್ಲಿ ಮನೆ ಇಲ್ಲದವರು 7,71,480. ಹಿಂದಿನ ವರ್ಷಕ್ಕಿಂತ 18% ಜಾಸ್ತಿ.

ಜಮಾಖರ್ಚು:
ಮೇಡಂ, ಸಭೆಯಲ್ಲಿ ಹೇಳಲು ಇನ್ನೊಂದು. ಕೆನಡಾದಲ್ಲಿ 2009ರಿಂದ 2013ರವರೆಗೆ ಐದು ನಗರಗಳಲ್ಲಿ ಸುಮಾರು 2,000 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಹೆಸರು 'ಆಟ್ ಹೋಮ್'. ಮನೆ ಮತ್ತು ಜೊತೆಗೆ ನೆರವು ಕೊಟ್ಟರೆ ಹಾಕಿದ ಪ್ರತಿ 10 ಡಾಲರ್‌ಗೆ 21.72 ಡಾಲರ್ ಉಳಿಯಿತು. ಆಸ್ಪತ್ರೆ, ಜೈಲು, ಶೆಲ್ಟರ್ ಖರ್ಚು ತಪ್ಪಿದ್ದರಿಂದ.

ಅಂಕಿಸಂಖ್ಯೆ:
ತಡೀರಿ. ಇದನ್ನು ಹೀಗೇ ಹೇಳಿದರೆ ಸಭೆಯಲ್ಲಿ ಸಿಕ್ಕಿಬೀಳುತ್ತಾರೆ. 21.72 ಡಾಲರ್ ಉಳಿದದ್ದು ಅತಿ ಹೆಚ್ಚು ಖರ್ಚಾಗುತ್ತಿದ್ದ 10% ಜನರ ವಿಷಯದಲ್ಲಿ ಮಾತ್ರ. ಹೆಚ್ಚು ನೆರವು ಬೇಕಿದ್ದವರಲ್ಲಿ ಸರಾಸರಿ 9.60 ಡಾಲರ್. ಮಧ್ಯಮ ನೆರವು ಬೇಕಿದ್ದವರಲ್ಲಿ 3.42 ಡಾಲರ್. ಅಂದರೆ ಎಲ್ಲರ ವಿಷಯದಲ್ಲೂ ಹಾಕಿದ ಹಣ ಪೂರ್ತಿ ವಾಪಸ್ ಬರುವುದಿಲ್ಲ.

ನೇರಮಾತು:
ನೋಡಿ, ಇದನ್ನೇ ನಾನು ಹೇಳುತ್ತಿದ್ದದ್ದು.

ಹಳೇ_ಛತ್ರಿ:
ನೇರಮಾತು ಅವರೇ, ನನಗೆ ಕೊಟ್ಟ ವಿಳಾಸದಿಂದ ಸರ್ಕಾರಕ್ಕೆ ಎಷ್ಟು ಉಳಿಯಿತೋ ನನಗೆ ಗೊತ್ತಿಲ್ಲ. ಉಳಿಯದಿದ್ದರೆ ಕೊಡಬಾರದಿತ್ತಾ? ಶಾಲೆ ನಡೆಸುವಾಗ, ಆಸ್ಪತ್ರೆ ನಡೆಸುವಾಗ ಯಾರೂ ಹೀಗೆ ಕೇಳುವುದಿಲ್ಲ. ಮನೆ ಇಲ್ಲದವರ ವಿಷಯ ಬಂದಾಗ ಮಾತ್ರ ಹಾಕಿದ ದುಡ್ಡು ಬಡ್ಡಿ ಸಮೇತ ವಾಪಸ್ ಬರಬೇಕು ಅಂತ ಯಾಕೆ?

ಸಂಜೆಮಲ್ಲಿಗೆ:
ಸರಿಯಾಗಿ ಕೇಳಿದಿರಿ.

ನೇರಮಾತು:
ಆ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಯೋಚಿಸುತ್ತೇನೆ.

ಜಮಾಖರ್ಚು:
ತಿದ್ದಿದ್ದಕ್ಕೆ ಧನ್ಯವಾದ, ಅಂಕಿಸಂಖ್ಯೆ. ನನ್ನ ತಪ್ಪು, ಪೂರ್ತಿ ಹೇಳಬೇಕಿತ್ತು.

ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೂ ಇಂಗ್ಲೆಂಡಿನಲ್ಲೇ ಉದಾಹರಣೆ ಇದೆ. 2020ರಲ್ಲಿ ಕೊರೊನಾ ಬಂದಾಗ 'ಎವ್ರಿಒನ್ ಇನ್', ಅಂದರೆ ಎಲ್ಲರೂ ಒಳಗೆ, ಅಂತ ಬೀದಿಯಲ್ಲಿದ್ದವರನ್ನು ಹೋಟೆಲ್ ಕೋಣೆಗಳಿಗೆ ಸೇರಿಸಿದರು. 2019ರಲ್ಲಿ 4,266 ಇದ್ದ ಎಣಿಕೆ 2020ರಲ್ಲಿ 2,688ಕ್ಕೆ, 2021ರಲ್ಲಿ 2,440ಕ್ಕೆ ಇಳಿಯಿತು. ತುರ್ತು ವ್ಯವಸ್ಥೆ ಮುಗಿಯಿತು. 2024ರಲ್ಲಿ ಮತ್ತೆ 4,667.

ನೇರಮಾತು:
ಹಗಲು ಕೇಂದ್ರದ ಮೇಡಂಗೆ ಒಂದು ಪ್ರಶ್ನೆ. ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ. ವಾಪಸ್ ಕಳಿಸಿದವರ ಲೆಕ್ಕ ನಿಮ್ಮಲ್ಲಿ ಇದೆಯಾ? ಒಳಗೆ ಮಲಗಿದವರ ರಿಜಿಸ್ಟರ್ ಇರುತ್ತದೆ. ಹೊರಗೆ ಉಳಿದವರದ್ದು?

ಹಗಲು_ಕೇಂದ್ರ:
ಇಲ್ಲ. ಯಾರೂ ಬರೆದಿಡುವುದಿಲ್ಲ. ಬಾಗಿಲಲ್ಲಿ ನಿಂತು ಇಲ್ಲ ಅನ್ನುತ್ತೇವೆ, ಅವರು ಹೋಗುತ್ತಾರೆ.

ನೇರಮಾತು:
ಹಾಗಾದರೆ ಇವತ್ತೇ ಶುರು ಮಾಡಿ. ನನ್ನಂಥವನು ಸಭೆಯಲ್ಲಿ ಕೂತಿದ್ದರೆ ಬೇರೆ ದೇಶದ ಅಂಕಿಗಿಂತ ಆ ಪುಸ್ತಕ ಕೇಳುತ್ತೇನೆ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಜನಕ್ಕೆ ಇಲ್ಲ ಅಂದಿರಿ, ಯಾಕೆ. ಇಬ್ಬರನ್ನು ತೆಗೆಯುವ ಮೊದಲು ಒಬ್ಬರು ಸರಾಸರಿ ಎಷ್ಟು ರಾತ್ರಿ ಇರುತ್ತಿದ್ದರು, ಈಗ ಎಷ್ಟು ರಾತ್ರಿ. ಅದು ನಿಮ್ಮ ಹಳೇ ರಿಜಿಸ್ಟರ್‌ನಲ್ಲೇ ಸಿಗುತ್ತದೆ.

ರಾತ್ರಿಪಾಳಿ:
ಒಳ್ಳೆಯ ಮಾತು. ನಾವು ನಾಲ್ಕು ವರ್ಷದಿಂದ ಹಾಗೆ ಬರೆಯುತ್ತಿದ್ದೇವೆ. ಹೆಸರು ಬೇಡ, ಫೋನ್ ನಂಬರ್ ಬೇಡ. ದಿನಾಂಕ, ಸಮಯ, ಗಂಡೋ ಹೆಣ್ಣೋ, ಅಂದಾಜು ವಯಸ್ಸು, ಜೊತೆಗೆ ಮಕ್ಕಳಿದ್ದರಾ, ಯಾಕೆ ಸೇರಿಸಿಕೊಳ್ಳಲಿಲ್ಲ, ಎಲ್ಲಿಗೆ ಹೋಗುತ್ತೇನೆ ಅಂದರು. ಇಷ್ಟು ಸಾಕು. ಕೊನೆಯದನ್ನು ಮರೆಯದೇ ಕೇಳಿ. ಅವರಿಗೂ ಯಾರೋ ಕೇಳಿದರು ಅನ್ನಿಸುತ್ತದೆ.

ಹಗಲು_ಕೇಂದ್ರ:
ಇವತ್ತು ಸಂಜೆ ಒಂದು ಹೊಸ ಪುಸ್ತಕ ತಂದು ಗೆರೆ ಹಾಕಿದೆ. ರಾತ್ರಿ ಹತ್ತರ ಹೊತ್ತಿಗೆ ನಾಲ್ಕು ಸಾಲು ತುಂಬಿತು. ಮೂವರಿಗೆ "ಹಾಸಿಗೆ ಖಾಲಿ ಇಲ್ಲ" ಅಂತ ಬರೆದೆ. ನಾಲ್ಕನೆಯವರು ನಾಯಿ ಜೊತೆ ಬಂದಿದ್ದರು. ನಾಯಿ ಬಿಟ್ಟು ಒಳಗೆ ಬರಲ್ಲ ಅಂದರು, ಅವರೇ ತಿರುಗಿ ಹೋದರು. ಇದನ್ನು ನಾವು ಇಲ್ಲ ಅಂದ ಹಾಗೆ ಬರೆಯಬೇಕಾ?

ರಾತ್ರಿಪಾಳಿ:
ಬರೆಯಿರಿ. ಕಾರಣದ ಕಡೆ "ನಾಯಿಗೆ ಜಾಗ ಇಲ್ಲ" ಅಂತ ಹಾಕಿ. ನಾಳೆ ಮತ್ತೆ ಬಂದರೆ ಹೊಸ ಸಾಲು.